ಸುತ್ತೋಲೆ ಕನ್ನಡದಲ್ಲಿದೆ, ಆದರೆ ಕನ್ನಡವಲ್ಲ!

ಮೊನ್ನೆ ರಾತ್ರಿ ಗೆಳೆಯನೊಬ್ಬ ಫೋನ್ ಮಾಡಿದ್ದ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಇಲಾಖೆಯಿಂದ ವರ್ಗಾವಣೆಯ ಸುತ್ತೋಲೆ ಬಂದಿತ್ತಂತೆ, ವರ್ಡ್ ಕಡತ. ಅವನ ಲ್ಯಾಪ್‌ಟಾಪಿನಲ್ಲಿ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಇದೆ. ಅದು ಸುತ್ತೋಲೆಯನ್ನು ಓದಿದ್ದು ಹೀಗೆ: "ಪಿ... ಪೌಂಡ್... ಕ್ಯು..." ಕೊನೆಗೆ ಆರನೇ ಕ್ಲಾಸಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದ. "ನನ್ನ ವರ್ಗಾವಣೆ ವಿಷಯ ನನಗಿಂತ ಮೊದಲು ಮಗಳಿಗೆ ಗೊತ್ತಾಯ್ತು ಮಾರಾಯ" ಅಂತ ನಕ್ಕ. ನನಗೆ ನಗು ಬರಲಿಲ್ಲ.

ಇದು ಯಾಕೆ ಹೀಗೆ ಅಂತ ನಿಮಗೆಲ್ಲ ಗೊತ್ತೇ ಇದೆ, ಆದರೂ ಹೇಳುತ್ತೇನೆ. ಹಳೆಯ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿದರೆ ಕಡತದೊಳಗೆ ಕನ್ನಡ ಕೂರುವುದಿಲ್ಲ. "ಕ" ಕೂರುವುದು ಇಂಗ್ಲಿಷಿನ ದೊಡ್ಡ "ಪಿ" ಜಾಗದಲ್ಲಿ, "ನ" ಕೂರುವುದು ಬ್ರಿಟಿಷರ ಪೌಂಡ್ ಚಿಹ್ನೆಯ ಜಾಗದಲ್ಲಿ, "ಡ" ಕೂರುವುದು ಚಿಕ್ಕ "ಕ್ಯು" ಜಾಗದಲ್ಲಿ. ಫಾಂಟ್ ಎಂಬ ವೇಷ ಹಾಕಿದಾಗ ಮಾತ್ರ ಅದು ಕನ್ನಡ. ವೇಷ ಕಳಚಿದರೆ ಬರೀ ಪಿ, ಪೌಂಡ್, ಕ್ಯು.

ಕಚೇರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಸಿಕ್ಕ ಉತ್ತರ: "ಫಾಂಟ್ ಹಾಕ್ಕೊಳ್ಳಿ ಸಾರ್, ಸರಿಹೋಗುತ್ತೆ." ಸ್ವಾಮಿ, ಫಾಂಟ್ ಹಾಕಿಕೊಂಡರೆ ಸರಿಹೋಗುವುದು ಕಣ್ಣಿಗೆ. ಕಿವಿಗೆ? ಹುಡುಕು ಯಂತ್ರಕ್ಕೆ? ಅಕಾರಾದಿ ಜೋಡಣೆಗೆ? ನಾಳೆ ಕನ್ನಡ ಕಲಿಯಬೇಕಾದ ಯಂತ್ರಕ್ಕೆ? ಅವಕ್ಕೆಲ್ಲ ಅದು ಪೌಂಡೇ.

ತಮಾಷೆ ಎಂದರೆ ಇದಕ್ಕೆ ಮದ್ದು ಎಂದೋ ಸಿಕ್ಕಿದೆ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಅದರದ್ದೇ ಜಾಗ ಕೊಟ್ಟಿತು. ಇ-ಆಡಳಿತದಲ್ಲಿ ಭಾರತೀಯ ಭಾಷೆಗಳಿಗೆ ಯೂನಿಕೋಡೇ ಶಿಷ್ಟತೆ ಎಂದು ಕೇಂದ್ರ ಸರ್ಕಾರ 2009ರಲ್ಲಿ ಹೇಳಿತು. 2010ರಲ್ಲಿ ಮುಕ್ತ ಶಿಷ್ಟತೆಗಳ ನೀತಿ, 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿ ಬಂದವು. ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ನೀತಿ ಇದೆ, ತಂತ್ರಾಂಶ ಇದೆ. ಆದರೂ ಗುಮಾಸ್ತರ ಕಂಪ್ಯೂಟರಿನಲ್ಲಿ ಹಳೆಯ ಟೆಂಪ್ಲೇಟು ಹಾಗೇ ಇದೆ. ಹೋದ ವರ್ಷದ ಸುತ್ತೋಲೆ ತೆರೆದು, ದಿನಾಂಕ ಬದಲಾಯಿಸಿ, ಉಳಿಸುವುದು. ತಪ್ಪು ಗುಮಾಸ್ತರದ್ದಲ್ಲ. ಅವರಿಗೆ ಯಾರೂ ಅರ್ಧ ದಿನ ಕೂತು ಹೇಳಿಕೊಟ್ಟಿಲ್ಲ, ಮೇಲಿನವರು ಯಾರೂ ಕೇಳಿಲ್ಲ.

ಮುಕ್ತ ತಂತ್ರಾಂಶ ಅಂದ ಕೂಡಲೇ ಕೆಲವರು ಮೂಗು ಮುರಿಯುತ್ತಾರೆ. "ಪುಕ್ಕಟೆ ಮಾಲು, ಕೆಟ್ಟರೆ ಯಾರನ್ನು ಕೇಳೋದು?" ಅಂತ. ಮೊದಲನೆಯದಾಗಿ, ಪುಕ್ಕಟೆಯೇ ಬೇರೆ, ಮುಕ್ತವೇ ಬೇರೆ. ಪುಕ್ಕಟೆ ಕೊಟ್ಟವನು ನಾಳೆ ಕಿತ್ತುಕೊಳ್ಳಬಹುದು. ಮುಕ್ತ ತಂತ್ರಾಂಶದ ಒಳಗೆ ಏನಿದೆ ಅಂತ ನೋಡಬಹುದು, ತಿದ್ದಬಹುದು, ಪಕ್ಕದವರಿಗೂ ಹಂಚಬಹುದು. ನನ್ನ ಗೆಳೆಯನ ಎನ್‌ವಿಡಿಎಯನ್ನೇ ನೋಡಿ. ಕಣ್ಣು ಕಾಣದ ಆಸ್ಟ್ರೇಲಿಯಾದವರೊಬ್ಬರು 2006ರಲ್ಲಿ ಶುರು ಮಾಡಿದ್ದು. ಅದರ ಜೊತೆ ಬರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ, ದನಿ ಸ್ವಲ್ಪ ಯಾಂತ್ರಿಕ ಅಷ್ಟೇ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ತಂತ್ರಾಂಶ ಕನ್ನಡ ಓದಲು ತಯಾರಿದೆ, ನಮ್ಮ ಕಚೇರಿ ಕನ್ನಡ ಕೊಡಲು ತಯಾರಿಲ್ಲ!

"ಸರ್ಕಾರದಲ್ಲಿ ಇದೆಲ್ಲ ಆಗೋ ಮಾತಲ್ಲ" ಎನ್ನುವವರು ಪಕ್ಕದ ಕೇರಳ ನೋಡಲಿ. ಅಲ್ಲಿ ಐಟಿ@ಸ್ಕೂಲ್ ಯೋಜನೆ 2001ರ ಸುಮಾರಿಗೆ ಶುರುವಾಗಿ, ಕೆಲವೇ ವರ್ಷಗಳಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಗ್ನು/ಲಿನಕ್ಸ್‌ಗೆ ಬದಲಾದವು. ಸರ್ಕಾರ ಮನಸ್ಸು ಮಾಡಿತು, ಮೇಷ್ಟರುಗಳಿಗೆ ತರಬೇತಿ ಕೊಟ್ಟಿತು, ಅಷ್ಟೇ. ದೂರದ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸ್‌ಗೆ ಬದಲಿಸುವುದಾಗಿ 2024ರಲ್ಲಿ ಪ್ರಕಟಿಸಿತು.

"ಮ್ಯೂನಿಕ್ ನಗರ ಲಿನಕ್ಸ್‌ಗೆ ಹೋಗಿ 2017ರಲ್ಲಿ ವಾಪಸ್ ವಿಂಡೋಸ್‌ಗೆ ಹೊರಟಿತಲ್ಲ?" ಅಂತ ನೀವು ಕೇಳಬಹುದು. ಹೌದು, ಹೊರಟಿತು. ಅದು ಸಾಧ್ಯವಾಯಿತು ಎನ್ನುವುದನ್ನೂ ಗಮನಿಸಿ. ಒಡಿಎಫ್ 2006ರಿಂದಲೇ ಐಎಸ್‌ಒ ಶಿಷ್ಟತೆ. ಅದರಲ್ಲಿ ಉಳಿಸಿದ ಕಡತವನ್ನು ನಾಳೆ ಯಾವ ತಂತ್ರಾಂಶಕ್ಕೆ ಹೋದರೂ ತೆರೆಯಬಹುದು. ಮುಕ್ತ ಶಿಷ್ಟತೆ ಅಂದರೆ ಹೊರಗೆ ಹೋಗಲು ಬಾಗಿಲು. ನಮ್ಮ ಹಳೆಯ ಫಾಂಟಿನ ಕಡತಗಳಿಗೆ ಆ ಬಾಗಿಲೇ ಇಲ್ಲ. ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರ ತಪ್ಪಿದ್ದನ್ನೆಲ್ಲ ಕೈಯಲ್ಲಿ ತಿದ್ದಿದವರಿಗೆ ಅದರ ಸುಖ ಗೊತ್ತು. :)

ನಮ್ಮಲ್ಲೂ ಒಳ್ಳೆಯದು ಆಗಿಲ್ಲ ಅಂತಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಸಾರ್ವಜನಿಕರ ದುಡ್ಡಿನಲ್ಲಿ ಆದ ಕೆಲಸ ಸಾರ್ವಜನಿಕರಿಗೆ ಮರಳಿತು. ಮಿಕ್ಕ ಸಂಸ್ಥೆಗಳಿಗೆ ಏನು ಅಡ್ಡಿ?

ನಾನು ಕೇಳುವುದು ಮೂರೇ. ಒಂದು, ಸರ್ಕಾರಿ ಕಚೇರಿಯಿಂದ ಹೊರಡುವ ಪ್ರತಿ ಕನ್ನಡ ಕಡತವೂ ಯೂನಿಕೋಡಿನಲ್ಲಿರಲಿ (ಸ್ಕ್ಯಾನ್ ಮಾಡಿದ ಚಿತ್ರವೂ ಬೇಡ, ಅದನ್ನೂ ಎನ್‌ವಿಡಿಎ ನೇರವಾಗಿ ಓದಲಾರದು). ಎರಡು, ಸರ್ಕಾರದ ದುಡ್ಡಿನಲ್ಲಿ ಆಗುವ ಫಾಂಟು, ನಿಘಂಟು, ತಂತ್ರಾಂಶಗಳು ಮೂಲ ಆಕರದ ಸಮೇತ ಮುಕ್ತ ಪರವಾನಗಿಯಲ್ಲಿ ಹೊರಬರಲಿ. ಮೂರು, ನಾಗರಿಕನೊಬ್ಬ ಅರ್ಜಿ ತುಂಬಲು ಇಂಥದ್ದೇ ಕಂಪನಿಯ ತಂತ್ರಾಂಶ ಕೊಳ್ಳಬೇಕಾದ ಸ್ಥಿತಿ ಹೋಗಲಿ.

ಬರೀ ಬರೆದು ಕೂತರೆ ಏನೂ ಆಗುವುದಿಲ್ಲ ಅಂತ ನನಗೂ ಗೊತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನು, ಮಾಹಿತಿಯನ್ನು ಜನರಿಗೆ ಸುಲಭವಾಗಿ ಸಿಗುವ ರೂಪದಲ್ಲಿ ಕೊಡಬೇಕು ಎನ್ನುತ್ತದೆ. ಹಾಗಾಗಿ ಆ ಇಲಾಖೆಗೆ ಒಂದು ಅರ್ಜಿ ಹಾಕಿದ್ದೇನೆ: ಕಳೆದ ವರ್ಷ ಹೊರಡಿಸಿದ ಸುತ್ತೋಲೆಗಳಲ್ಲಿ ಯೂನಿಕೋಡಿನಲ್ಲಿರುವುದು ಎಷ್ಟು, ಇಲ್ಲದಿರುವುದು ಎಷ್ಟು? ನೀವೂ ನಿಮ್ಮೂರಿನ ಒಂದು ಕಚೇರಿ ಹಿಡಿದು ಇದೇ ಪ್ರಶ್ನೆ ಕೇಳಿ. ಇಪ್ಪತ್ತು ಕಡೆಯಿಂದ ಇಪ್ಪತ್ತು ಅರ್ಜಿ ಬಂದರೆ ಯಾರಾದರೂ ಒಬ್ಬರು ಆ ಹಳೆಯ ಟೆಂಪ್ಲೇಟನ್ನು ಅಳಿಸಿಯಾರು.

ಉತ್ತರ ಬಂದಾಗ ಇಲ್ಲೇ ಹಾಕುತ್ತೇನೆ. ಅದೂ ಪಿ-ಪೌಂಡ್-ಕ್ಯು ಭಾಷೆಯಲ್ಲಿ ಬಂದರೆ ಏನು ಮಾಡೋಣ ಅಂತ ನೀವೇ ಹೇಳಿ. ಏನಂತೀರಿ?