ಗಂಡೋ ಹೆಣ್ಣೋ: ಉತ್ತರಕ್ಕೆ ಅವಸರ ಬೇಡ

ಹೆರಿಗೆ ಕೋಣೆಯ ಬಾಗಿಲು ತೆರೆದೊಡನೆ ಹೊರಗೆ ಕಾದು ನಿಂತವರು ಕೇಳುವುದು ಒಂದೇ ಪ್ರಶ್ನೆ: ‘ಗಂಡೋ, ಹೆಣ್ಣೋ?’ ಸಾಮಾನ್ಯವಾಗಿ ಉತ್ತರ ತಡವಾಗುವುದಿಲ್ಲ. ಆದರೆ ಸುಮಾರು 5,000 ಹೆರಿಗೆಗಳಲ್ಲಿ ಒಂದರಲ್ಲಿ, ಮಗುವಿನ ಜನನಾಂಗ ನೋಡಿ ಇಂಥದೇ ಎಂದು ಹೇಳಲಾಗುವುದಿಲ್ಲ. ಇಂಥವರನ್ನು ಅಂತರಲಿಂಗಿಗಳು ಎನ್ನುತ್ತಾರೆ. ಇದು ಯಾರ ಶಾಪವೂ ಅಲ್ಲ, ಬಸುರಿ ಗ್ರಹಣ ನೋಡಿದ್ದರ ಫಲವೂ ಅಲ್ಲ. ಗರ್ಭದಲ್ಲಿ ಮೊದಲ ಆರು ವಾರ ಎಲ್ಲ ಭ್ರೂಣಗಳ ಜನನಾಂಗವೂ ಒಂದೇ ತೆರ. ಆಮೇಲೆ ವರ್ಣತಂತುಗಳೂ ಹಾರ್ಮೋನುಗಳೂ ಅದನ್ನು ಬೇರೆ ಬೇರೆ ದಾರಿಗೆ ಹಚ್ಚುತ್ತವೆ. ಕೆಲವು ಮಕ್ಕಳಲ್ಲಿ ಆ ದಾರಿ ನಡುವೆಯೇ ನಿಲ್ಲುತ್ತದೆ.

ಇದಕ್ಕೆ ಕಾರಣಗಳು ಹಲವು. ಒಂದನ್ನು ಮಾತ್ರ ನೀವು ತಪ್ಪದೆ ತಿಳಿದಿರಬೇಕು. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆಯಿದ್ದರೆ ಹೆಣ್ಣು ಮಗುವಿನ ಜನನಾಂಗ ಗಂಡಿನಂತೆ ಕಾಣಬಹುದು. ಆ ರೂಪದಿಂದ ಅಪಾಯವಿಲ್ಲ. ಅಪಾಯವಿರುವುದು ದೇಹದ ಉಪ್ಪಿನಂಶ ಮೂತ್ರದಲ್ಲಿ ಸೋರಿಹೋಗುವುದರಲ್ಲಿ. ಎರಡನೆಯ ವಾರದ ಹೊತ್ತಿಗೆ ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಸೊರಗುತ್ತದೆ. ದೃಷ್ಟಿ ತೆಗೆಯುತ್ತಾ ಕುಳಿತರೆ ಉಳಿಯುವುದು ಕಷ್ಟ. ಹೈಡ್ರೊಕಾರ್ಟಿಸೋನ್ ಮತ್ತು ಉಪ್ಪು ಸಕಾಲಕ್ಕೆ ಸಿಕ್ಕರೆ ಬದುಕುತ್ತದೆ. ಔಷಧ ಮಾತ್ರ ಜೀವನಪರ್ಯಂತ ಬೇಕು. ಸೋದರ ಸಂಬಂಧದ ಮದುವೆಗಳಲ್ಲಿ ಇದು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಇಕ್ಕೇರಿ, ಹೊಸನಗರ, ತೀರ್ಥಹಳ್ಳಿ ಕಡೆಯವರು ಮಳೆಗಾಲವೆಂದು ನೋಡದೆ ಶಿವಮೊಗ್ಗಕ್ಕೋ, ಘಾಟಿ ಇಳಿದು ಮಣಿಪಾಲಕ್ಕೋ ಹೊರಡಬೇಕು.

ಅವಸರ ಇಷ್ಟಕ್ಕೇ ಸಾಕು. ಆಮೇಲೆ ಬರುವ ಮಾತು ಬೇರೆ: ‘ಡಾಕ್ಟ್ರೇ, ಊರಿಗೆ ಗೊತ್ತಾಗುವ ಮೊದಲು ಆಪರೇಷನ್ ಮಾಡಿಸಿ ಒಂದು ಕಡೆ ಮಾಡಿಬಿಡಿ.’ ಹೆತ್ತವರ ಸಂಕಟ ನನಗೆ ಅರ್ಥವಾಗುತ್ತದೆ. ನಾವು ವೈದ್ಯರೂ ಬಹಳ ಕಾಲ ಅದನ್ನೇ ಸರಿಯೆಂದು ನಂಬಿದ್ದೆವು. ಆದರೆ ಒಮ್ಮೆ ಕತ್ತರಿಸಿದ್ದನ್ನು ಮರಳಿ ಕೊಡಲಾಗದು. ಸ್ಪರ್ಶಜ್ಞಾನ ಹೋಗಬಹುದು, ಸಂತಾನಶಕ್ತಿಯೂ ಹೋಗಬಹುದು. ಮಗು ಬೆಳೆದು ತಾನು ಯಾರೆಂದು ತಾನೇ ಹೇಳುವಾಗ ನಮ್ಮ ಊಹೆ ತಪ್ಪಾಗಿದ್ದರೆ? ಮೂತ್ರಕ್ಕೆ ತಡೆಯಿದ್ದರೆ ಶಸ್ತ್ರಚಿಕಿತ್ಸೆ ಬೇಕು, ಒಪ್ಪುವೆ. ನೋಡಲು ಸರಿಕಾಣಲಿ ಎಂದು ಬೇಡ.

ಏಪ್ರಿಲ್ 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು ಮದುವೆ ನೋಂದಣಿಯ ಪ್ರಕರಣವೊಂದರ ತೀರ್ಪಿನಲ್ಲಿ, ಹಸುಗೂಸುಗಳ ಮೇಲಿನ ಇಂಥ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸುವಂತೆ ತಮಿಳುನಾಡು ಸರ್ಕಾರಕ್ಕೆ ಸೂಚಿಸಿದರು. ತಂದೆತಾಯಿಯ ಒಪ್ಪಿಗೆಯನ್ನು ಮಗುವಿನ ಒಪ್ಪಿಗೆ ಎನ್ನಲಾಗದು ಎಂಬುದು ಅದರ ತಿರುಳು. ಆಗಸ್ಟ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಜೀವಾಪಾಯವಿದ್ದಾಗ ಮಾತ್ರ ವಿನಾಯಿತಿ. ಪುಟ್ಟ ದೇಶ ಮಾಲ್ಟಾ 2015ರಲ್ಲೇ ಇದಕ್ಕೆ ಕಾನೂನು ಮಾಡಿತ್ತು. ನಮ್ಮ ಸಂಸತ್ತಿನ 2019ರ ಕಾಯ್ದೆ ಅಂತರಲಿಂಗಿಗಳನ್ನು ಹೆಸರಿಸಿತಾದರೂ ಲಿಂಗತ್ವ ಅಲ್ಪಸಂಖ್ಯಾತರ ಗುಂಪಿಗೇ ಸೇರಿಸಿತು (ಇವೆರಡೂ ಒಂದಲ್ಲ). ಹಸುಗೂಸುಗಳ ಶಸ್ತ್ರಚಿಕಿತ್ಸೆಗೆ ತಡೆ ಹಾಕಲಿಲ್ಲ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಕೊಟ್ಟು ಕರ್ನಾಟಕ ದೇಶಕ್ಕೇ ಮೊದಲಾಯಿತು. ಸಂತೋಷ. ಆದರೆ ತೊಟ್ಟಿಲಲ್ಲಿರುವಾಗಲೇ ಆಗಿಹೋದ ಅನ್ಯಾಯವನ್ನು ಇಪ್ಪತ್ತು ವರ್ಷದ ನಂತರದ ನೌಕರಿ ತುಂಬಿಕೊಡದು. ತಮಿಳುನಾಡಿನಂಥ ಆದೇಶ ಇಲ್ಲಿಯೂ ಬರಬೇಕೆಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಮನೆಯವರ ಕೈಯಲ್ಲಿರುವುದೂ ಕಡಿಮೆಯೇನಲ್ಲ. ಜನನ ನೋಂದಣಿಗೆ 21 ದಿನಗಳ ಅವಧಿಯಿದೆ. ಹೆಸರನ್ನು ಆಮೇಲೂ ಸೇರಿಸಬಹುದು. ವರ್ಣತಂತು, ಹಾರ್ಮೋನು ಮತ್ತು ಸ್ಕ್ಯಾನಿಂಗ್ ವರದಿಗಳನ್ನು ಇಟ್ಟುಕೊಂಡು ತಜ್ಞರೊಡನೆ ಕುಳಿತು, ಮಗುವನ್ನು ಹೇಗೆ ಬೆಳೆಸುವುದೆಂದು ತೀರ್ಮಾನಿಸಿ. ಅದಕ್ಕೆ ಕತ್ತರಿ ಬೇಕಿಲ್ಲ. ಮುಂದೆ ಮಗು ಬೇರೆ ಹೇಳಿದರೆ ಕೇಳುವ ಮನಸ್ಸು ಬೇಕು. ಹನ್ನೆರಡನೆಯ ದಿನವೇ ನಾಮಕರಣ ಆಗಬೇಕೆಂದು ಅಜ್ಜಿ ಹಟ ಹಿಡಿದರೆ ಶಶಿ ಎಂದು ಕರೆಯಿರಿ, ಯಾರಿಗಾದರೂ ಒಪ್ಪುತ್ತದೆ. ಬಾಣಂತಿಯನ್ನು ನೋಡಲು ಬಂದವರು ಬಟ್ಟೆ ಸರಿಸಿ ನೋಡಲು ಬಿಡಬೇಡಿ. ಕೇಳಿದವರಿಗೆ, ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದರಾಯಿತು.