ಬಾದಾಮಿಯ ಕಲ್ಮನೆ

ಮನೆ ಕಟ್ಟುವವನು ಕಲ್ಲಿನ ಮೇಲೆ ಕಲ್ಲಿಡುವನು. ಬಾದಾಮಿಯ ಶಿಲ್ಪಿಗಳಾದರೋ ಬೆಟ್ಟದೊಳಗಿನ ಬೇಡದ ಕಲ್ಲನ್ನು ಕಡೆದು ತೆಗೆದೇ ದೇವರಿಗೆ ಮನೆ ಮಾಡಿದರು. ಅಲ್ಲಿಯ ನಾಲ್ಕು ಗುಹಾಲಯಗಳಲ್ಲಿ ಮೂರನೆಯದೇ ಹಿರಿದು. ಕೀರ್ತಿವರ್ಮನು ಆಳುತ್ತಿರಲು, ಕ್ರಿ.ಶ. 578ರಲ್ಲಿ ಅವನ ತಮ್ಮ ಮಂಗಲೇಶನು ಇದನ್ನು ವಿಷ್ಣುವಿಗಾಗಿ ಮಾಡಿಸಿದನೆಂದು ಅಲ್ಲಿಯ ಶಾಸನವು ಸಾರುತ್ತದೆ. ಇನ್ನೊಂದು ಕನ್ನಡ ಶಾಸನವು ಇದನ್ನು ‘ಕಲ್ಮನೆ’ಯೆಂದು ಕರೆದು, ದೇವರಿಗೆ ಹೂವೊದಗಿಸುವ ಮಾಲೆಗಾರರನ್ನೂ ನೆನೆದಿದೆ. ಎಷ್ಟು ಆಪ್ತವಾದ ಹೆಸರು!

ಮೊಗಸಾಲೆಯಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು, ಭೂದೇವಿಯನ್ನೆತ್ತಿದ ವರಾಹ, ಕಾಲನ್ನು ಮುಗಿಲಿಗೆ ಚಾಚಿದ ತ್ರಿವಿಕ್ರಮ. ಕಂಬಗಳ ಮೇಲ್ಗಡೆ ಸರಸದಿಂದ ನಿಂತ ದಂಪತಿಗಳು. ಇವೆಲ್ಲವೂ ಬೆಟ್ಟದ ಮೈಯೇ ಆದುದರಿಂದ, ಒಂದು ಬೆರಳು ಮುಕ್ಕಾದರೂ ಬೇರೊಂದನ್ನು ತಂದು ಜೋಡಿಸಿ ಮೊದಲಿನಂತೆ ಮಾಡಲಾಗದು. ಸೂರಿನ ಒಳಮೈಯ ವರ್ಣಚಿತ್ರಗಳಂತೂ ಬಹುಪಾಲು ಅಳಿದಿವೆ. ಉಳಿಗೆ ಮಣಿದ ಮರಳುಗಲ್ಲು ಹೆಸರು ಗೀಚುವವನ ಮೊಳೆಗೂ ಮಣಿಯುತ್ತದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ: ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ನೋಡುವುದನ್ನು ಕಲಿಸುವಂತೆಯೇ ಮುಟ್ಟದಿರುವುದನ್ನೂ ಕಲಿಸಿರಿ. ನಮ್ಮ ಮನೆಯ ಗೋಡೆಯ ಮೇಲೆ ಪರರು ಗೀಚಿದರೆ ನಾವು ಸೈರಿಸೆವು. ಕಲ್ಮನೆಯೂ ನಮ್ಮ ಮನೆಯೇ ಅಲ್ಲವೆ?