ವಿಶ್ವವಿದ್ಯಾಲಯವೂ ಹಳ್ಳಿಯ ಶಾಲೆಯೂ

ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಶಾಲಾ ಅಧ್ಯಾಪಕರೊಡನೆ ಕೈಜೋಡಿಸಿದ ಹೊರತು ವಿಜ್ಞಾನ ಪಾಠ ಸುಧಾರಿಸದು ಎಂಬ ಮಾತು ಹೊಸತಲ್ಲ. ಸಭೆಗಳಲ್ಲಿ ಅದನ್ನು ಒಪ್ಪದವರೂ ಇಲ್ಲ. ಆದರೆ ಈ ಕೆಲಸ ಯಾವ ಭಾಷೆಯಲ್ಲಿ ನಡೆಯಬೇಕು, ಗಡಿನಾಡಿನ ಕನ್ನಡ ಶಾಲೆಗೆ ಅದರಲ್ಲಿ ಪಾಲೆಷ್ಟು ಎಂಬ ಪ್ರಶ್ನೆ ಕೇಳಿಬರುವುದು ಅಪರೂಪ. ನಮ್ಮ ಮಕ್ಕಳ ಮಟ್ಟಿಗೆ ಮುಖ್ಯವಾದುದು ಅದೇ ಆದುದರಿಂದ ಆ ಪ್ರಶ್ನೆಯನ್ನೇ ಇಲ್ಲಿ ಎತ್ತುತ್ತೇವೆ.

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳನ್ನು ನೋಡೋಣ. ಅವು ಕನ್ನಡಿಗರಿಗೆ ಹೊರಗಿನ ಊರುಗಳಲ್ಲ. ಹೊಗೆನಕಲ್, ಮಾರಂಡಹಳ್ಳಿ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಕನ್ನಡ ಮಾಧ್ಯಮದ ಶಾಲೆಗಳಿರುವ ಹೊಸೂರು, ದೇಂಕಣಿಕೋಟೆ ಕಡೆಯ ಸೀಮೆ 1965ರವರೆಗೆ ಸೇಲಂ ಜಿಲ್ಲೆಗೂ ಬಳಿಕ ಧರ್ಮಪುರಿಗೂ ಸೇರಿದ್ದು, 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಈ ಪ್ರದೇಶಕ್ಕೆಂದೇ 1997ರಲ್ಲಿ ಸೇಲಂನಲ್ಲಿ ಪೆರಿಯಾರ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಒಂದು ಕಡೆ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಹಳ್ಳಿಯ ಶಾಲೆ. ಇವೆರಡನ್ನೂ ಜೋಡಿಸಬಲ್ಲ ವಿಷಯವೊಂದು ಆ ನೆಲದ ನೀರಿನಲ್ಲೇ ಇದೆ.

ಧರ್ಮಪುರಿ, ಕೃಷ್ಣಗಿರಿ ಕಡೆಯ ಅನೇಕ ಬಾವಿ ಮತ್ತು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಗಟ್ಟಿ ಶಿಲೆಯಿಂದ ಅದು ನೀರಿಗಿಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕುದಲ್ಲ. ಎಳೆಯ ಮಕ್ಕಳಲ್ಲಿ ಶಾಶ್ವತ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇಂಥ ನೀರು ಒಳಸೇರಿದರೆ ಹಲ್ಲಿನ ಮೇಲೆ ಕಲೆ ಉಳಿಯುತ್ತದೆ. ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಕೇಡು. ಕಾವೇರಿಯ ನೀರನ್ನು ಈ ಜಿಲ್ಲೆಗಳಿಗೆ ತಲುಪಿಸುವ ಹೊಗೆನಕಲ್ ಯೋಜನೆ 2013ರಲ್ಲಿ ಕಾರ್ಯಾರಂಭ ಮಾಡಿತು. ಹಾಗೆಂದು ಬಾವಿಯ ನೀರಿನ ಬಗ್ಗೆ ತಿಳಿಯುವ ಅಗತ್ಯ ತಪ್ಪಿತೆಂದಲ್ಲ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. "ಕುದಿಸಿ ಕುಡಿಯಿರಿ" ಎಂಬ ಒಳ್ಳೆಯ ಬುದ್ಧಿಮಾತು ಈ ಒಂದು ವಿಷಯದಲ್ಲಿ ಪ್ರಯೋಜನಕ್ಕೆ ಬಾರದು.

ಬಣ್ಣ ಬದಲಾವಣೆಯಿಂದ ಫ್ಲೋರೈಡ್ ಗುರುತಿಸುವ ಸುಲಭದ ಪರೀಕ್ಷೆಯನ್ನು ಶಾಲೆಯಲ್ಲೇ ಮಾಡಬಹುದು. ಅದರ ಫಲಿತಾಂಶ ಸರಿಯೋ ತಪ್ಪೋ ಎಂದು ಉಪಕರಣದಿಂದ ತಾಳೆ ನೋಡಬಲ್ಲವರು ವಿಶ್ವವಿದ್ಯಾಲಯದ ರಸಾಯನ ಶಾಸ್ತ್ರಜ್ಞರು. ಆದರೆ ಯಾವ ಬಾವಿಯ ನೀರನ್ನು ಯಾರ ಮನೆಯವರು ಕುಡಿಯುತ್ತಾರೆ, ಬೇಸಗೆಯಲ್ಲಿ ಯಾವುದು ಬತ್ತುತ್ತದೆ ಎಂಬುದು ಊರಿನ ಅಧ್ಯಾಪಕರಿಗೂ ಮಕ್ಕಳಿಗೂ ಗೊತ್ತು. ಒಬ್ಬರಲ್ಲಿ ಇಲ್ಲದ್ದು ಮತ್ತೊಬ್ಬರಲ್ಲಿದೆ. ಸಹಯೋಗವೆಂದರೆ ಇದೇ, ವಿಜ್ಞಾನಿ ವರ್ಷಕ್ಕೊಮ್ಮೆ ಬಂದು ಭಾಷಣ ಮಾಡಿ ಹಾರ ಹಾಕಿಸಿಕೊಂಡು ಹೋಗುವುದಲ್ಲ.

ಇದು ಆಗದ ಮಾತೆಂದು ಯಾರೂ ಹೇಳುವಂತಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಇಂಥದೊಂದು ಕೆಲಸ ಮೊದಲಾಯಿತು. ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳೊಂದಿಗೆ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಹಾಗೂ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಿಂತರು. ಅಗ್ಗದ ಸಾಮಗ್ರಿಗಳಿಂದ ಮಕ್ಕಳೇ ಪ್ರಯೋಗ ಮಾಡುವ ಪಾಠ, ಅಧ್ಯಾಪಕರ ಅನುಭವ ಕೇಳಿ ತಿದ್ದಿದ ಪುಸ್ತಕ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ಇವೆಲ್ಲ ಅಲ್ಲಿ ಬಂದವು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಇತರ ಜಿಲ್ಲೆಗಳಿಗೂ ಒಯ್ದಿತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿದ್ದು ವಿಷಾದದ ಸಂಗತಿ. ಆದರೂ 30 ವರ್ಷ ನಡೆದ ಕೆಲಸ ಸುಳ್ಳಾಗದು. ಅದೆಲ್ಲ ನಡೆದದ್ದು ಆ ಮಕ್ಕಳ ಹಿಂದಿಯಲ್ಲಿ ಎಂಬುದನ್ನು ಮರೆಯಬಾರದು.

ನಮ್ಮ ಪ್ರಶ್ನೆ ಇಲ್ಲೇ ಬರುತ್ತದೆ. ತಮಿಳುನಾಡಿನಲ್ಲಿ ಅಧ್ಯಾಪಕರ ತರಬೇತಿ ತಮಿಳಿನಲ್ಲೂ ಕೇರಳದಲ್ಲಿ ಮಲಯಾಳದಲ್ಲೂ ನಡೆಯುವುದು ಸಹಜ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಬಾವಿಯ ನೀರು ಪರೀಕ್ಷಿಸಿದ ಕನ್ನಡದ ಹುಡುಗಿ ಮನೆಗೆ ಹೋಗಿ ತಾಯಿಗೆ ವಿವರಿಸಬೇಕಾದುದು ಕನ್ನಡದಲ್ಲಿ. ಕನ್ನಡ ಪಠ್ಯಪುಸ್ತಕ ಅಚ್ಚು ಹಾಕಿಸಿದ ಮಾತ್ರಕ್ಕೆ ಸರಕಾರದ ಹೊಣೆ ತೀರದು. ಆ ಪುಸ್ತಕ ಕಲಿಸುವವರಿಗೆ ಕನ್ನಡದಲ್ಲೇ ತರಬೇತಿ ಬೇಕು. "ವಿಜ್ಞಾನಕ್ಕೆ ಇಂಗ್ಲಿಷೇ ಲೇಸು" ಎಂದು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವ ಹೆತ್ತವರನ್ನು ದೂರಿ ಫಲವಿಲ್ಲ. ಪ್ರಯೋಗವಿಲ್ಲದ ಕನ್ನಡ ತರಗತಿಯನ್ನು ಅಭಿಮಾನದ ಮಾತು ಎಷ್ಟು ದಿನ ಉಳಿಸೀತು?

ಕಾಸರಗೋಡಿನ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ತೆಂಗು, ಅಡಿಕೆಯ ಸಂಶೋಧನೆ ನಡೆಸುವ ಸಿ.ಪಿ.ಸಿ.ಆರ್.ಐ. ನಮ್ಮಲ್ಲಿದೆ. 2009ರಲ್ಲಿ ಸ್ಥಾಪಿತವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಪೆರಿಯದಲ್ಲಿದೆ. ಮುರಕಲ್ಲಿನ ಗುಡ್ಡ ಕೊರೆದು ನೀರು ತರುವ ನಮ್ಮ ಸುರಂಗಗಳು ಭೂಗರ್ಭಶಾಸ್ತ್ರದ ತೆರೆದ ಪುಸ್ತಕಗಳು. ಗೇರುತೋಟಗಳಿಗೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಮಣ್ಣು, ನೀರುಗಳ ವಿಜ್ಞಾನ ಇಲ್ಲಿನ ಮಕ್ಕಳಿಗೆ ಬರೇ ಪರೀಕ್ಷೆಯ ವಿಷಯವಲ್ಲ.

ಆದುದರಿಂದ ನಾವು ಕೇಳುವುದು ಮೂರೇ ಮಾತು. ಗಡಿ ಜಿಲ್ಲೆಗಳ ವಿಶ್ವವಿದ್ಯಾಲಯಗಳು ಕನ್ನಡ ಬಲ್ಲ ತಮ್ಮ ವಿಜ್ಞಾನಿಗಳನ್ನೂ ಸಂಶೋಧನ ವಿದ್ಯಾರ್ಥಿಗಳನ್ನೂ ಹತ್ತಿರದ ಕನ್ನಡ ಶಾಲೆಗಳೊಡನೆ ಜೋಡಿಸಲಿ. ಭಾರತೀಯ ವಿಜ್ಞಾನ ಸಂಸ್ಥೆಯು 2011ರಿಂದ ಚಳ್ಳಕೆರೆ ಬಳಿಯ ತನ್ನ ಆವರಣದಲ್ಲಿ ನಡೆಸುತ್ತ ಬಂದಿರುವ ವಿಜ್ಞಾನ ಅಧ್ಯಾಪಕರ ತರಬೇತಿಯಲ್ಲಿ ಹೊಸೂರು, ಕಾಸರಗೋಡುಗಳ ಕನ್ನಡ ಅಧ್ಯಾಪಕರಿಗೆ ಕರ್ನಾಟಕ ಸರಕಾರ ತನ್ನ ಖರ್ಚಿನಲ್ಲಿ ಸ್ಥಾನ ಒದಗಿಸಲಿ. ಅವರು ಅಲ್ಲಿ ಕಳೆದ ದಿನಗಳನ್ನು ತಮಿಳುನಾಡು, ಕೇರಳ ಸರಕಾರಗಳು ಕರ್ತವ್ಯದ ದಿನಗಳೆಂದು ಮನ್ನಿಸಲಿ.

ಇದರಲ್ಲಿ ಯಾವ ರಾಜ್ಯದ ಗಡಿಯೂ ಕದಲಬೇಕಾಗಿಲ್ಲ, ಯಾವ ಭಾಷೆಗೂ ನಷ್ಟವಿಲ್ಲ. ಹೆತ್ತವರ ಸಂಘಗಳು ಈ ಶಾಲಾ ವರ್ಷದಲ್ಲೇ ಈ ಬೇಡಿಕೆಗಳನ್ನು ಬರವಣಿಗೆಯಲ್ಲಿ ಶಿಕ್ಷಣಾಧಿಕಾರಿಗಳ ಮುಂದಿಡಬೇಕೆಂದು ನಾವು ಆಗ್ರಹಿಸುತ್ತೇವೆ.